ತುಕ್ಕು ಮತ್ತು ಕಾಡಿಗೆ

ಕರೆಂಟನ್ನು ಕೂಡಿಡುವುದೇ ಅಪರಾಧವಾಗಿದ್ದ ಒಂದಾನೊಂದು ಊರಿನಲ್ಲಿ ಬಸಲಿಂಗಿ ಎಂಬ ಹೆಣ್ಣುಮಗಳಿದ್ದಳು. ದಿನವೂ ಸಂಜೆ ಆರಕ್ಕೆ ಕರೆಂಟು ಹೋದರೆ ನೆರೆಮನೆಯ ಹುಸೇನಮ್ಮನ ಉಸಿರಾಟದ ಯಂತ್ರ ನಿಲ್ಲುತ್ತಿತ್ತು. ಅಮಾವಾಸ್ಯೆಯೊಳಗೆ ಬ್ಯಾಟರಿ ಮಾಡಿಕೊಡುವೆನೆಂದು ಬಸಲಿಂಗಿ ಮಾತು ಕೊಟ್ಟಿದ್ದಳು.

ಬರೀ ತುಕ್ಕಿನಿಂದ ಮಾಡಿದ ಮೂರು ಬ್ಯಾಟರಿಗಳು ಚಾರ್ಜ್ ಆಗುವಾಗ ಒಳಗೇ ಉಬ್ಬಿ ಬಿರಿದವು. ನಾಲ್ಕನೆಯದಕ್ಕೆ ಅವಳು ಹರಳೆಣ್ಣೆ ದೀಪದ ಕಾಡಿಗೆಯನ್ನು ತುಕ್ಕಿಗೆ ಬೆರೆಸಿ ಮೂರು ದಿನ ಅರೆದಳು. ಅದು ಬಿರಿಯಲಿಲ್ಲ.

ಅಮಾವಾಸ್ಯೆಯ ಸಂಜೆ, ಕೂಡಿಟ್ಟ ಕರೆಂಟು ಹುಡುಕುವ ತಪಾಸಣೆಯವನು ಬಸಲಿಂಗಿಯ ಬಾಗಿಲಿಗೆ ಅಡ್ಡ ನಿಂತ.

"ಕೈ ಯಾಕವ್ವ ಕರ್ರಗಾಗೈತಿ?"

"ಬ್ಯಾಟರಿ ಮಾಡೀನ್ರಿ."

"ಎಲ್ಲಾರೂ ಕಣ್ಣಿಗೆ ಕಾಡಿಗಿ ಮಾಡೀವಿ ಅಂತಾರ. ನೀ ಒಬ್ಬಾಕಿ ಖರೇ ಹೇಳ್ತಿ?"

"ಸುಳ್ಳು ಹೇಳಿ ಸಾಕಾಗೈತ್ರಿ. ಹೆಸರು ಬರಕೊಳ್ರಿ. ಬಾಗಿಲ ಬಿಟ್ಟು ನಿಂತು ಬರಕೊಳ್ರಿ."

ಆರು ಹೊಡೆದು ಊರು ಕತ್ತಲಾಯಿತು. ಬಸಲಿಂಗಿ ಬ್ಯಾಟರಿ ಎತ್ತಿಕೊಂಡು ಅವನನ್ನು ಸರಿಸಿ ಹೊರಟಳು; ಅವನು ಬೈಯುತ್ತ ಬೆನ್ನು ಹತ್ತಿದರೂ ನೆರೆಮನೆಗೆ ಹೋಗಿ ವೈರು ಸಿಕ್ಕಿಸಿದಳು. ಹುಸೇನಮ್ಮನ ಯಂತ್ರ ಮೆಲ್ಲಗೆ ಗುಂಯ್‌ಗುಟ್ಟತೊಡಗಿತು.