ಪರದೆಯಾಚೆಯ ಚಿಟಿಕೆ

ಪರದೆಯಾಚೆಯಿಂದ ಎರಡು ಚಿಟಿಕೆ ಕೇಳಿಸಿದ್ದೇ ತಡ, ಸಾಕ್ಷಿ ಹೇಳುತ್ತಿದ್ದ ಹನ್ನೊಂದರ ಹುಡುಗಿ ಕುರ್ಚಿಯಿಂದ ಜಾರಿ ಮೇಜಿನಡಿ ಮುದುಡಿಕೊಂಡಳು. ಮಾರಾಟವಾದ ಮಕ್ಕಳು ಸಾಕ್ಷಿ ಹೇಳುವಾಗ ಆರೋಪಿಯ ಮುಖ ಕಾಣಬಾರದೆಂದು ನ್ಯಾಯಾಲಯ ಆ ಪರದೆ ಕಟ್ಟಿಸಿತ್ತು.

“ಕೈ ಜೋಮು ಹಿಡಿದಿತ್ತು ಸ್ವಾಮಿ, ಅಷ್ಟೇ,” ಎಂದ ಆರೋಪಿ. ಅವನ ವಕೀಲರು ನಕ್ಕರು. “ಹುಡುಗಿಗೆ ನಾಟಕ ಚೆನ್ನಾಗಿ ಕಲಿಸಿದ್ದಾರೆ.”

ಆಶ್ರಯಧಾಮದಿಂದ ಜೊತೆಗೆ ಬಂದಿದ್ದ ಅಕ್ಕ ಮೇಜಿನಡಿ ತೂರಿ ಅವಳ ಪಕ್ಕ ಕೂತಳು. “ಸಾಕಾ ಪುಟ್ಟಿ? ಹೊರಗೆ ಹೋಗೋಣ್ವಾ?”

ಹುಡುಗಿ ಬೇಡವೆಂದಳು. ಬೆರಳಿನಿಂದ ಕೂದಲು ಸರಿಸಿ, ನೆತ್ತಿಯ ಹೊಲಿಗೆಯ ಗುರುತು ತೋರಿಸಿದಳು. “ಎರಡು ಚಿಟಿಕೆ ಹೊಡೆದ್ರೆ ತಲೆ ಬಗ್ಗಿಸ್ಬೇಕಿತ್ತು ಅಕ್ಕ. ಆಮೇಲೆ ಬೆಲ್ಟಿನ ಬಕಲ್ ಇಲ್ಲಿಗೇ ಬೀಳೋದು. ತಡ ಆದ್ರೆ ತಂಗಿಗೂ ಬೀಳೋದು. ಇದನ್ನೂ ಬರ್ಕೊಳ್ತಾರಾ ಕೇಳಿ.”

ನ್ಯಾಯಾಧೀಶರು ಬೆರಳಚ್ಚುಗಾರನ ಕಡೆ ತಿರುಗಿದರು. “ಈಗ ಹೊಡೆದ ಚಿಟಿಕೆಯಿಂದಲೇ ಶುರು ಮಾಡಿ.”