ಹತ್ತನೆಯ ಸ್ಥಾನ

ಗೋರ್ಡಿ ತನ್ನ ಅತ್ತೆಗೆ ಹಾಡುಹಗಲೇ ಟೋಪಿ ಹಾಕುತ್ತಿದ್ದ. ಅದೂ ಅವಳ ಅಡುಗೆಮನೆಯಲ್ಲೇ ಕೂತು, ಅವಳೇ ಮಾಡಿದ ಸೇಬಿನ ಕಡುಬು ತಿನ್ನುತ್ತ.

"ಇವನನ್ನ ತಗೊಳ್ಳಿ ಅತ್ತೆ, ಒಳ್ಳೇ ಹುಡುಗ," ಎಂದು ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟ. ಹುಡುಗ ಒಳ್ಳೆಯವನೇ, ಸುಳ್ಳಲ್ಲ. ಆದರೆ ಕಳೆದ ಬೇಸಿಗೆಯಿಡೀ ಅವನ ಬ್ಯಾಟಿಗೆ ಚೆಂಡು ತಗುಲಿದ್ದೇ ಅಪರೂಪ.

ವರ್ನಾಳಿಗೆ ಅರವತ್ತೊಂಬತ್ತು ವರ್ಷ. ಗಂಡ ಹೋಗಿ ಆರು ವರ್ಷವಾಗಿತ್ತು. ಬೇಸ್‌ಬಾಲ್ ಎಂದರೆ ಟಿವಿಯ ಮುಂದೆ ಗಂಡಸರು ಕಿರುಚುವ ಆಟ ಎಂಬಷ್ಟೇ ತಿಳುವಳಿಕೆ. ಅಂಥವಳನ್ನು ಗೋರ್ಡಿ ತನ್ನ ಗಾಜಿನ ಕಾರ್ಖಾನೆಯವರ ಫ್ಯಾಂಟಸಿ ಬೇಸ್‌ಬಾಲ್ ಕೂಟಕ್ಕೆ ಹತ್ತನೆಯವಳಾಗಿ ಸೇರಿಸಿದ್ದ. ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೊಂದು ತಂಡ ಕಟ್ಟಬೇಕು. ಅವರು ಮೈದಾನದಲ್ಲಿ ಹೊಡೆದಂತೆಲ್ಲ ಇಲ್ಲಿ ಅಂಕ.

ಕಾರಣ ಸರಳ. ಸೆಪ್ಟೆಂಬರ್ ಕೊನೆಗೆ ಹತ್ತನೆಯ ಸ್ಥಾನಕ್ಕೆ ಇಳಿದವರಿಗೆ ಶಿಕ್ಷೆಯಿತ್ತು. ಹೆದ್ದಾರಿ ಪಕ್ಕದ ಡೈನರ್ ಎಂಬ ಪುಟ್ಟ ಹೋಟೆಲಿನಲ್ಲಿ ಇಪ್ಪತ್ತನಾಲ್ಕು ಗಂಟೆ ಕೂರಬೇಕು. ತಿಂದ ಒಂದೊಂದು ಪ್ಯಾನ್‌ಕೇಕಿಗೆ ಒಂದು ಗಂಟೆ ಮಾಫಿ. ಕಳೆದ ವರ್ಷ ಕೂತವನು ಗೋರ್ಡಿ. ಹನ್ನೊಂದು ತಿಂದು, ಉಳಿದ ಹದಿಮೂರು ಗಂಟೆ ಡೈನರ್ ಮಾಲೀಕ ಕ್ಲೈಡನ ಹರಟೆ ಕೇಳಿ, ಮನೆಗೆ ಬಂದು ಎರಡು ದಿನ ಹಾಸಿಗೆ ಹಿಡಿದಿದ್ದ.

"ಆ ಮುದುಕ ಬಾಯಿ ಮುಚ್ಚೋದೇ ಇಲ್ಲ ಅತ್ತೆ! ಹೆಂಡ್ತಿ ಹೋದ್ಮೇಲೆ ಮಾತಿಗೆ ಜನ ಸಿಕ್ಕಿಲ್ಲ ಅಂತ ಕಾಣತ್ತೆ. ನಡುನಡುವೆ ಹಾಡು ಬೇರೆ!" ಎಂದು ಗೋಳಾಡಿದ್ದ. ವರ್ನಾ ಆ ಗೋಳನ್ನು ಮೂರು ಸಲ ಹೇಳಿಸಿಕೊಂಡು ನಕ್ಕಿದ್ದಳು.

ಮತ್ತೆ ಆ ಕುರ್ಚಿಗೆ ಬೆನ್ನು ಕೊಡುವ ಶಕ್ತಿ ಗೋರ್ಡಿಗಿರಲಿಲ್ಲ. ತನಗಿಂತ ಕೆಳಗೆ ಒಬ್ಬರು ಬೇಕಿತ್ತು, ಅಷ್ಟೆ.

"ಮೊಣಕೈ ಆಪರೇಷನ್ ಆಗಿದೆ ಅಂದ್ಯಲ್ಲ, ಆ ಎಸೆತಗಾರ ಈ ವರ್ಷ ಆಡ್ತಾನಾ?" ಎಂದಳು ವರ್ನಾ.

"ಇಲ್ಲ ಅತ್ತೆ."

"ಅಯ್ಯೋ ಪಾಪ. ಬರ್ಕೋ ಅವನನ್ನ. ನಾನು ವಯಸ್ಸಾದವಳು, ಕೊನೆಗೆ ಬಂದ್ರೆ ನಂಗೇನಾದ್ರೂ ರಿಯಾಯಿತಿ ಉಂಟೇನೋ?"

"ಇಲ್ಲ ಅತ್ತೆ, ನಿಯಮ ಎಲ್ಲರಿಗೂ ಒಂದೇ," ಎಂದ ಗೋರ್ಡಿ, ತಟ್ಟೆ ನೋಡುತ್ತ.

"ಸರಿ, ಹಾಗೇ ಇರಬೇಕು."

ಏಪ್ರಿಲ್‌ನಿಂದ ಜುಲೈವರೆಗೆ ಎಲ್ಲ ಗೋರ್ಡಿ ಎಣಿಸಿದಂತೆಯೇ ನಡೆಯಿತು. ಅವನು ಒಂಬತ್ತನೆಯವ, ಅತ್ತೆ ಹತ್ತನೆಯವಳು. ಮುದುಕಿ ದಿನಾ ಬೆಳಿಗ್ಗೆ ಕನ್ನಡಕ ಏರಿಸಿ ಅಂಕಪಟ್ಟಿ ಓದುತ್ತಾಳೆ, ಯಾರಿಗೆ ಗಾಯವಾಗಿದೆ ಎಂದು ಫೋನ್ ಮಾಡಿ ವಿಚಾರಿಸುತ್ತಾಳೆ ಎಂದು ಹೆಂಡತಿ ನಡೀನ್ ಹೇಳಿದಾಗ ಅವನಿಗೆ ಕರುಳು ಚುರುಕ್ ಎಂದಿತು.

ಆಗಸ್ಟಿನಲ್ಲಿ ಗ್ರಹಚಾರ ಕೆಟ್ಟಿತು. ಅತ್ತೆಯ ತಂಡದ ಆ 'ಒಳ್ಳೇ ಹುಡುಗ' ಒಂದೇ ವಾರದಲ್ಲಿ ಆರು ಹೋಮ್ ರನ್ ಬಾರಿಸಿಬಿಟ್ಟ. ವರ್ನಾ ಒಂಬತ್ತಕ್ಕೆ ಏರಿದಳು, ಗೋರ್ಡಿ ಹತ್ತಕ್ಕೆ ಇಳಿದ. ಅವನಿಗೆ ಅನ್ನ ಸೇರಲಿಲ್ಲ.

ಮರುದಿನವೇ ಅತ್ತೆಯ ಫೋನ್ ಬಂತು. ದನಿ ನಡುಗುತ್ತಿತ್ತು. "ಆ ಹುಡುಗನನ್ನ ತಂಡದಿಂದ ತೆಗೆದುಬಿಟ್ಟೆ ಕಣೋ. ಪಾಪ, ಅಷ್ಟೊಂದು ಹೊಡೆದು ಸುಸ್ತಾಗಿರ್ತಾನೆ."

ಗೋರ್ಡಿ ಬದುಕಿಕೊಂಡ. ಒಳಗೊಳಗೇ ನಾಚಿಕೆಯೂ ಆಯಿತು.

ಸೆಪ್ಟೆಂಬರ್ ಮುಗಿಯಿತು. ವರ್ನಾ ಹತ್ತನೆಯವಳು. ನಡೀನ್ ಗಂಡನಿಗೆ ಮಂಗಳಾರತಿ ಎತ್ತಿದಳು. "ನಾಚಿಕೆ ಆಗಲ್ವಾ ನಿಂಗೆ? ನಮ್ಮಮ್ಮನ ಸೊಂಟ ಏನಾಗಬೇಕು? ಹೋಗಿ ನೀನೇ ಕೂತ್ಕೋ!"

ಗೋರ್ಡಿ ಹೋಗಿ ಕೇಳಿಯೂ ಕೇಳಿದ. ನಿಮ್ಮ ಬದಲು ನಾನು ಕೂರುತ್ತೇನೆ ಎಂದ. ವರ್ನಾ ಕೆಂಡವಾದಳು. "ಸೋತವಳು ನಾನು. ನಿಯಮ ಎಲ್ಲರಿಗೂ ಒಂದೇ ಅಂದವನು ನೀನೇ ಅಲ್ವಾ?"

ಶನಿವಾರ ಬೆಳಿಗ್ಗೆ ಏಳಕ್ಕೆ ಆಕೆ ನೀಲಿ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿ ಡೈನರ್‌ಗೆ ಹೋದಳು. ಮಾನ ಉಳಿಸಿಕೊಳ್ಳಲು ಪಾಡುಪಡುತ್ತಿದ್ದಾಳೆ ಎಂದುಕೊಂಡು ಗೋರ್ಡಿಗೆ ಕಣ್ಣು ತುಂಬಿತು.

ಸಂಜೆ ನಾಲ್ಕಕ್ಕೆ ಅವನು ದಿಂಬು ಹಿಡಿದು ಅಲ್ಲಿಗೆ ಓಡಿದ. ಕೂಟದ ಉಳಿದ ಎಂಟೂ ಜನರ ಕಾಲು ಹಿಡಿದು ಒಪ್ಪಿಗೆ ತಂದಿದ್ದ: ಅತ್ತೆಯ ಪಾಲಿನ ಪ್ಯಾನ್‌ಕೇಕ್ ಅಳಿಯ ತಿನ್ನಬಹುದು. ಗಾಜಿನ ಬಾಗಿಲು ನೂಕಿ ಒಳಗೆ ಬಂದವನೇ ಕೇಳಿದ, "ಎಷ್ಟು ತಿಂದ್ರಿ ಅತ್ತೆ? ಉಳಿದದ್ದೆಲ್ಲ ನಂಗೆ ಬಿಡಿ, ಆರು ಗಂಟೆಯೊಳಗೆ ಮನೆಗೆ ಹೋಗೋಣ!"

ವರ್ನಾಳ ಮುಂದೆ ತಟ್ಟೆಯೇ ಇರಲಿಲ್ಲ. ಎದುರಿಗೆ ಕ್ಲೈಡ್, ಏಪ್ರನ್ ಬಿಚ್ಚಿಟ್ಟು, ಹೊಸ ಶರ್ಟು ಹಾಕಿ, ಮೇಜಿನ ಮೇಲೆ ಅವಳ ಕೈ ಹಿಡಿದು, ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಕೂತಿದ್ದ.

"ಒಂದೇ ಒಂದು ಪ್ಯಾನ್‌ಕೇಕ್ ಮುಟ್ಟಿದ್ರೆ ನೋಡು!" ಎಂದು ಗದರಿದಳು ವರ್ನಾ. "ಸುಮ್ಮನೆ ಬಂದು ಕೂತ್ರೆ ಊರೆಲ್ಲ ಆಡ್ಕೊಳತ್ತೆ, ಸೋತು ಕೂತ್ರೆ ಯಾರೂ ಕೇಳಲ್ಲ ಅಂತ ಆರು ತಿಂಗಳು ಕಷ್ಟಪಟ್ಟು ಸೋತಿದೀನಿ ಕಣೋ!"