ಅತ್ತಿವೇರಿಗೆ ಹೊರಟ ಜೀಪು

ಗ್ರೀಸಿನ ವಾಸನೆ ಬಂದರೆ ಇವತ್ತಿಗೂ ನನಗೆ ಬಂಗೂರನಗರದ ನಮ್ಮ ಮನೆಯ ಮುಂದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಹಳೆಯ ಜೀಪು ಹೊಂಡ ದಾಟಿದರೆ ಸಾಕು, ಮುಂದಿನ ಗಾಲಿಗಳು ಅಲುಗಾಡಿ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಬರುವಾಗ ಅವ್ವ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡೇ ಕೂತಿದ್ದಳು. ಇನ್ನು ಕರೆದುಕೊಂಡು ಬರುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಅವ್ವನಿಗೆ ಆರಾಮಾಯಿತೆಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ಮರುದಿನ ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಟೈರು ಅದಲುಬದಲು ಮಾಡಿ ನೋಡಿದ, ನಡುಕ ನಿಲ್ಲಲಿಲ್ಲ. ಆಮೇಲೆ ಜಾಕ್ ಕೊಟ್ಟು, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಒಳಗೆ ಕಟಕ್ ಎಂದಿತು.

"ಟೈರಿಂದಲ್ಲ, ಕಿಂಗ್‌ಪಿನ್ ಬೇರಿಂಗ್ ಸವದೈತಿ," ಎಂದ.

ಹೊಸದು ತಂದು, ಗ್ರೀಸು ತುಂಬಿ ಕೂಡಿಸತೊಡಗಿದ. ಕಟ್ಟೆಯ ಮೇಲೆ ಮಲಗಿದ್ದ ಅವ್ವ ಕೇಳಿದಳು, "ನಾಳೆ ಮಾಡಿದ್ರ ಆಗೂದಿಲ್ಲೇನ್ರಿ?"

"ನಾಳೆ ಅನಬ್ಯಾಡ," ಎಂದ ಅಪ್ಪ, ತಲೆ ಎತ್ತದೆ.

ಬಿಸಿಲು ಇಳಿಯುವ ಹೊತ್ತಿಗೆ, ಒಂದು ಸುತ್ತು ಹೋಗಿ ನೋಡೋಣವೆಂದು ಅವ್ವನನ್ನು ಎತ್ತಿ ಮುಂದೆ ಕೂಡಿಸಿದ. ಹೊಂಡ ದಾಟಿದರೂ ಸ್ಟೀರಿಂಗ್ ಅಲುಗಲಿಲ್ಲ. ಅವ್ವ ಹೊಟ್ಟೆಯ ಮೇಲಿನ ಕೈ ತೆಗೆದಳು.

"ಹಿಂಗ ಹೋದ್ರ ಅತ್ತಿವೇರಿ ತನಕಾನೂ ಕೂಡ್ತೇನಿ ನೋಡ್ರಿ. ತವರಮನಿ ಕಂಡು ವರ್ಷಾತು."

"ಹೋಗೂಣು ನಡಿ," ಎಂದ ಅಪ್ಪ. ಮನೆಯ ಕಡೆ ತಿರುಗಲೇ ಇಲ್ಲ.

ರಸ್ತೆ ಖಾಲಿಯಿತ್ತು, ಜೀಪು ನೆಟ್ಟಗೆ ಹೋಗುತ್ತಿತ್ತು. "ಜೋರ್ ಹೊಡಿ ಅಪ್ಪಾ," ಎಂದು ನಾನು ಹಿಂದಿನ ಸೀಟಿನಿಂದ ಕೂಗುತ್ತಲೇ ಇದ್ದೆ. ಅಪ್ಪ ಮಾತ್ರ ಎತ್ತಿನ ಗಾಡಿಯ ಹಾಗೆ ನಿಧಾನಕ್ಕೆ ಓಡಿಸುತ್ತಿದ್ದ.